ಸೊನ್ನೆ ಬೇರೆ, ಖಾಲಿ ಬೇರೆ

ಫಿಜಿಯ ರಾಜಧಾನಿ ಸುವಾದಲ್ಲಿ ಸೋಮವಾರ ಮಧ್ಯಾಹ್ನ ಅಂದ್ರೆ ಮಳೆ. ಉಳಿದ ದಿನಗಳಲ್ಲೂ ಮಳೆಯೇ, ಆದರೆ ಸೋಮವಾರದ್ದು ಚೆನ್ನಾಗಿ ನೆನಪಿದೆ. ಅವತ್ತು ನಾನು ಕಿಟಕಿ ಪಕ್ಕ ಕೂತು ಸೊನ್ನೆಗಳನ್ನು ಎಣಿಸುತ್ತಿದ್ದೆ.

ಕೆಲಸದ ಹೆಸರೇನೋ ದೊಡ್ಡದು. ಪೆಸಿಫಿಕ್ ದ್ವೀಪಗಳ ರೋಗ ಕಣ್ಗಾವಲು, ಸಾಂಕ್ರಾಮಿಕಗಳಿಗೆ ಮೊದಲೇ ತಯಾರಿ ಇತ್ಯಾದಿ. ರಜೆಗೆ ಊರಿಗೆ ಬಂದಾಗ ಯಾರಾದರೂ ಕೇಳಿದರೆ "ಕಾಯಿಲೆಯ ಲೆಕ್ಕ ಬರೆಯೋದು" ಅನ್ನುತ್ತಿದ್ದೆ. "ಹಂಗಾದ್ರೆ ಶಾನುಭೋಗಿಕೆ ಅನ್ನು" ಅಂದಿದ್ದರು ಚಿಕ್ಕಪ್ಪ. ಸರಿಯಾಗೇ ಹೇಳಿದ್ದರು. ನಮ್ಮ ಇಡೀ ತಂಡ ಮಾಡುತ್ತಿದ್ದದ್ದು ಒಂಥರಾ ಶಾನುಭೋಗಿಕೆಯೇ. ಹೊಲಗಳ ಬದಲು ದ್ವೀಪಗಳು, ಅಷ್ಟೇ.

ಆ ಲೆಕ್ಕದ ಪುಸ್ತಕ ಹೀಗಿರುತ್ತದೆ. ಒಂದೊಂದು ಸಾಲು ಒಂದೊಂದು ಆಸ್ಪತ್ರೆ ಅಥವಾ ಕ್ಲಿನಿಕ್. ಕಾಲಂ ನಾಲ್ಕೇ ನಾಲ್ಕು. ಜ್ವರದ ಜೊತೆ ದದ್ದು. ಭೇದಿ. ಫ್ಲೂ ಥರದ ಕಾಯಿಲೆ. ದಿನಗಟ್ಟಲೆ ಬಿಡದ ಜ್ವರ. ವಾರಕ್ಕೊಮ್ಮೆ ಪ್ರತಿ ಜಾಗದಿಂದ ಈ ನಾಲ್ಕು ಸಂಖ್ಯೆ ಬರಬೇಕು. ಕಾಯಿಲೆಯ ಹೆಸರು ಬೇಡ, ಲಕ್ಷಣ ಸಾಕು. ಪೆಸಿಫಿಕ್ ದೇಶಗಳು 2010ರಲ್ಲಿ ಒಪ್ಪಿಕೊಂಡ ಪದ್ಧತಿ ಇದು. ಯಾಕೆ ಇಷ್ಟು ಸರಳ ಅಂದ್ರೆ, ಹೊರ ದ್ವೀಪದ ಕ್ಲಿನಿಕ್ಕಿನಲ್ಲಿ ಇರುವುದು ಒಬ್ಬ ನರ್ಸ್, ಒಂದು ರಿಜಿಸ್ಟರ್, ಒಂದು ಗಡಿಯಾರ. ಲ್ಯಾಬ್ ಇಲ್ಲ. ಡೆಂಗಿಯೋ ಜೀಕಾನೋ ಅಂತ ಆಕೆಗೆ ಹೇಳಲು ಆಗುವುದಿಲ್ಲ. ಆದರೆ "ಈ ವಾರ ಮೈಮೇಲೆ ದದ್ದೆದ್ದ ಮಕ್ಕಳು ಆರು, ಹೋದ ವಾರ ಒಂದೂ ಇರಲಿಲ್ಲ" ಅಂತ ಯಾವ ಡಾಕ್ಟರಿಗಿಂತ ಮೊದಲು ಹೇಳಬಲ್ಲಳು.

ದೂರ ಎಂದರೆ ಎಷ್ಟು ದೂರ ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಕಿರಿಬಾಸ್ ಅಂತ ಒಂದು ದೇಶ. 33 ದ್ವೀಪ. ಅದರ ಪಾಲಿನ ಕಡಲು ಸುಮಾರು 35 ಲಕ್ಷ ಚದರ ಕಿಲೋಮೀಟರ್, ಅಂದರೆ ಇಡೀ ಭಾರತದ ನೆಲಕ್ಕಿಂತ ಜಾಸ್ತಿ. ಅಷ್ಟರಲ್ಲಿ ಒಣ ನೆಲ ನಮ್ಮ ಬೆಂಗಳೂರು ನಗರಕ್ಕಿಂತ ಕೊಂಚ ಹೆಚ್ಚು, ಜನ ಒಂದೂಕಾಲು ಲಕ್ಷದ ಆಸುಪಾಸು. ಟೊಕೆಲಾವ್ ಅನ್ನುವ ಪುಟ್ಟ ದ್ವೀಪಗಳಿಗೆ ವಿಮಾನ ನಿಲ್ದಾಣವೇ ಇಲ್ಲ. ಸಮೋವಾದ ರಾಜಧಾನಿ ಅಪಿಯಾದಿಂದ ಹಡಗು ಹತ್ತಿದರೆ ಒಂದು ಹಗಲು ಒಂದು ರಾತ್ರಿ ಮುಗಿದರೂ ತಲುಪುವ ಖಾತ್ರಿಯಿಲ್ಲ. ಅಲ್ಲಿರುವುದು ಒಂದೂವರೆ ಸಾವಿರ ಜನ. ನಮ್ಮಲ್ಲಿ ಒಂದು ಮದುವೆಗೆ ಅದಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಇಂಥ ಕಡೆ ಶೇಕಡಾವಾರು, ಸರಾಸರಿ ಅಂತ ನಾವು ಕಾಲೇಜಲ್ಲಿ ಕಲಿತ ಲೆಕ್ಕ ಯಾವುದೂ ನಡೆಯುವುದಿಲ್ಲ. ಒಬ್ಬ ಮಗುವಿಗೆ ದಡಾರ ಅಂದ್ರೆ ಅದೇ ಸಾಂಕ್ರಾಮಿಕ.

ದಿನಾಂಕವೂ ನೆಟ್ಟಗಿರುವುದಿಲ್ಲ. ಸಮೋವಾ ಮತ್ತು ಅಮೆರಿಕನ್ ಸಮೋವಾ ನಡುವೆ ನೂರು ಕಿಲೋಮೀಟರ್ ಚಿಲ್ಲರೆ ದೂರ. ಆದರೆ ಇಲ್ಲಿ ಸೋಮವಾರ ಆದಾಗ ಅಲ್ಲಿ ಭಾನುವಾರ. 2011ರಲ್ಲಿ ಸಮೋವಾ ದಿನರೇಖೆಯ, ಅಂದರೆ ದಿನಾಂಕ ಬದಲಾಗುವ ಗೆರೆಯ, ಈಚೆಗೆ ಬರುವುದಕ್ಕಾಗಿ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಹಾರಿಸಿಬಿಟ್ಟಿತು. ಗುರುವಾರ ಮಲಗಿದವರು ಶನಿವಾರ ಎದ್ದರು. ಆ ವಾರದ ವರದಿಯಲ್ಲಿ ಆರೇ ದಿನ. ಕಾಯಿಲೆ ಕಡಿಮೆ ಆಯಿತೋ, ದಿನ ಕಡಿಮೆ ಆಯಿತೋ ಅಂತ ನಮ್ಮ ಆಫೀಸಿನ ಹಳಬರು ಆಮೇಲೂ ಜೋಕ್ ಮಾಡುತ್ತಿದ್ದರು.

ಇನ್ನು ನನ್ನ ತಪ್ಪಿನ ಕಥೆ. ದೇಶದ ಹೆಸರು ಬೇಡ, ದ್ವೀಪದ್ದೂ ಬೇಡ.

ಕೆಲಸಕ್ಕೆ ಸೇರಿ ನಾಲ್ಕೈದು ತಿಂಗಳಾಗಿತ್ತು. ವಾರದ ಹಾಳೆಯಲ್ಲಿ ಒಂದು ಕ್ಲಿನಿಕ್ಕಿನ ಸಾಲು ಖಾಲಿ. ಎಕ್ಸೆಲ್‌ಗೆ ಖಾಲಿ ಕೊಟ್ಟರೆ ಕೂಡುವಾಗ ಅದನ್ನು ಸೊನ್ನೆ ಅಂತಲೇ ಹಿಡಿಯುತ್ತದೆ, ಗೊತ್ತಲ್ಲ. ಒಟ್ಟು ಮೊತ್ತ ಬಂತು, ಗ್ರಾಫ್ ಬಂತು, ಗ್ರಾಫ್ ಮಟ್ಟಸವಾಗಿತ್ತು. ನಾನು ವರದಿ ಕಳಿಸಿದೆ. ಮುಂದಿನ ವಾರವೂ ಖಾಲಿ. ಅದರ ಮುಂದಿನ ವಾರವೂ. ಸುಮ್ನೆ ರೇಡಿಯೋ ಕೆಟ್ಟಿರಬೇಕು ಅಂದುಕೊಂಡೆ. ಅದು ನಿಜವೂ ಆಗಿತ್ತು. ಕೆಟ್ಟಿದ್ದರೆ ಏನಾಯಿತು, ದೊಡ್ಡ ವಿಷಯ ಇದ್ದರೆ ಹೇಗಾದರೂ ಗೊತ್ತಾಗುತ್ತದೆ ಅಂತ ಬಿಟ್ಟದ್ದು ನನ್ನ ದಡ್ಡತನ.

ನಾಲ್ಕನೇ ವಾರ ಕೊಬ್ಬರಿ ತುಂಬಿಕೊಂಡು ಬಂದ ದೋಣಿಯ ಜೊತೆ ಸುದ್ದಿಯೂ ಬಂತು. ಆ ದ್ವೀಪದ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಭೇದಿ. ನಮ್ಮ ಪುಣ್ಯ, ಯಾರೂ ಸಾಯಲಿಲ್ಲ. ಆ ಪುಣ್ಯವೂ ನರ್ಸ್‌ದೇ. ಇದ್ದ ಓಆರ್‌ಎಸ್ ಮುಗಿದ ಮೇಲೆ ಎಳನೀರು, ಉಪ್ಪು, ಅಕ್ಕಿ ಗಂಜಿಯಲ್ಲಿ ಆಕೆ ದಿನ ತಳ್ಳಿದ್ದಳು.

ನಾವು ಹೋದಾಗ ಆಕೆ ಜಗಳ ಆಡಲಿಲ್ಲ. ಐವತ್ತು ದಾಟಿದ ಹೆಂಗಸು, ಕಾಲಿಗೆ ರಬ್ಬರ್ ಚಪ್ಪಲಿ. ಮೇಜಿನ ಡ್ರಾಯರ್ ಎಳೆದು ಶಾಲೆಯ ರೂಲ್ ಪುಸ್ತಕದಿಂದ ಹರಿದ ನಾಲ್ಕು ಚೀಟಿ ತೆಗೆದಳು. ಒಂದೊಂದು ವಾರಕ್ಕೆ ಒಂದೊಂದು. ಪ್ರತಿಯೊಂದರಲ್ಲೂ ನಾಲ್ಕು ಸಂಖ್ಯೆ, ಕೆಳಗೆ ಸಹಿ. ಮೊದಲ ಚೀಟಿ: 0, 3, 1, 0. ಎರಡನೆಯದು: 0, 11, 0, 0. ಮೂರನೆಯದರಲ್ಲಿ ಭೇದಿಯ ಸಂಖ್ಯೆಯ ಸುತ್ತ ಪೆನ್ನಿನಲ್ಲಿ ಎರಡು ಸಲ ಗುಂಡಗೆ ಗೀಚಿದ್ದಳು. ಯಾರಾದರೂ ನೋಡಲಿ ಅಂತ.

"ನಾನು ಬರೆದಿಟ್ಟಿದ್ದೆ ಡಾಕ್ಟರ್. ನೀವು ಕೇಳಲಿಲ್ಲ" ಅಂದಳು.

ಆ ಚೀಟಿಗಳ ಫೋಟೋ ಇವತ್ತಿಗೂ ನನ್ನ ಹತ್ತಿರ ಇದೆ. ಖಾಲಿ ಇದ್ದ ಜಾಗದಲ್ಲಿ ನಾನು ಸೊನ್ನೆ ನೋಡಿದ್ದೆ. ಆಕೆ ಮಾತ್ರ ಸೊನ್ನೆ ಇದ್ದ ಕಡೆಯೂ ಖಾಲಿ ಬಿಡದೆ ಸೊನ್ನೆ ಅಂತಲೇ ಬರೆದಿದ್ದಳು. "ನಾನು ನೋಡಿದೆ, ಏನೂ ಇರಲಿಲ್ಲ" ಅನ್ನುವುದಕ್ಕೂ "ಯಾರೂ ನೋಡಲಿಲ್ಲ" ಅನ್ನುವುದಕ್ಕೂ ನಡುವಿನ ವ್ಯತ್ಯಾಸ ಅದು. ನಮ್ಮ ಕೆಲಸ ನಿಂತಿರುವುದು ಅದರ ಮೇಲೇ.

ಆ ಪ್ರದೇಶದ ಚರಿತ್ರೆ ಓದಲು ಶುರು ಮಾಡಿದ್ದು ಆಮೇಲೆ. ಮೊದಲೇ ಓದಬೇಕಿತ್ತು.

1875ರ ಜನವರಿ. ಫಿಜಿ ಬ್ರಿಟಿಷರ ಕೈಗೆ ಹೋಗಿ ಕೆಲವೇ ತಿಂಗಳಾಗಿತ್ತು. ಅಲ್ಲಿನ ದೊರೆ ಥಾಕಂಬಾವ್ ಸಿಡ್ನಿಗೆ ಹೋಗಿ ಎಚ್‌ಎಂಎಸ್ ಡೈಡೋ ಅನ್ನುವ ಹಡಗಿನಲ್ಲಿ ವಾಪಸ್ ಬಂದ. ಬರುವಾಗ ದಡಾರವೂ ಜೊತೆಗೆ ಬಂತು. ಹಡಗನ್ನು ಯಾರೂ ದೂರ ನಿಲ್ಲಿಸಲಿಲ್ಲ. ದೊರೆಯನ್ನು ಕಾಣಲು ಎಲ್ಲ ಕಡೆಯ ಮುಖಂಡರು ಬಂದರು, ಸೇರಿದರು, ಉಂಡರು, ತಮ್ಮ ತಮ್ಮ ದ್ವೀಪಕ್ಕೆ ಹೋದರು. ಕೆಲವೇ ತಿಂಗಳಲ್ಲಿ ಸುಮಾರು 40,000 ಜನ ಸತ್ತರು ಅಂತ ಲೆಕ್ಕ. ಆಗಿನ ಜನಸಂಖ್ಯೆಯ ಕಾಲು ಭಾಗಕ್ಕಿಂತ ಜಾಸ್ತಿ.

ನಾಲ್ಕು ವರ್ಷದ ಮೇಲೆ, 1879ರ ಮೇ ತಿಂಗಳಲ್ಲಿ, ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳನ್ನು ಹೊತ್ತ ಮೊದಲ ಹಡಗು ಲಿಯೋನಿಡಾಸ್ ಕಲ್ಕತ್ತೆಯಿಂದ ಬಂತು. ಹಡಗಿನಲ್ಲಿ ಕಾಲರಾ, ಸಿಡುಬು. ಈ ಸಲ ದಡಕ್ಕೆ ಬಿಡಲಿಲ್ಲ. ಒಂದು ಪುಟ್ಟ ದ್ವೀಪದಲ್ಲಿ ಎಲ್ಲರನ್ನೂ ವಾರಗಟ್ಟಲೆ ಇರಿಸಿದರು. ನಮ್ಮವರೇ ಕೆಲವರು ಅಲ್ಲಿ ಸತ್ತರು. ಆದರೆ ಕಾಯಿಲೆ ಊರೊಳಗೆ ಹೋಗಲಿಲ್ಲ. 1885ರಲ್ಲಿ ಸುವಾದಲ್ಲಿ ಒಂದು ಪುಟ್ಟ ಶಾಲೆ ತೆರೆದರು, ಸಿಡುಬಿನ ಲಸಿಕೆ ಹಾಕಲು ಸ್ಥಳೀಯ ಹುಡುಗರನ್ನು ತಯಾರು ಮಾಡುವುದಕ್ಕೆ. ಅದೇ ಮುಂದೆ ಬೆಳೆದು ಇಡೀ ಪೆಸಿಫಿಕ್‌ನ ಡಾಕ್ಟರುಗಳನ್ನು ತಯಾರಿಸುವ ಮೆಡಿಕಲ್ ಕಾಲೇಜಾಯಿತು. ನಾನು ಪಾಠ ಮಾಡಿದ್ದು ಅದೇ ಕಾಲೇಜಿನಲ್ಲಿ. ಗಿರ್ಮಿಟ್ (ಆ ಕೂಲಿ ಕರಾರಿಗೆ ಅಲ್ಲಿನ ಹೆಸರು) ಹಡಗಿನ ಭಯದಿಂದ ಹುಟ್ಟಿದ ಕಾಲೇಜಿನಲ್ಲಿ ಭಾರತದಿಂದ ಬಂದವರು ಸಾಂಕ್ರಾಮಿಕ ರೋಗದ ಪಾಠ ಹೇಳುವುದು! ಮೊದಲ ದಿನ ಕ್ಲಾಸಿನಲ್ಲಿ ಇದನ್ನು ಹೇಳಿದರೆ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು.

ಆದರೆ ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು 1918. ನವೆಂಬರ್ 7ರಂದು ಟಲೂನ್ ಅನ್ನುವ ಹಡಗು ಆಕ್ಲೆಂಡಿನಿಂದ ಅಪಿಯಾಕ್ಕೆ ಬಂತು. ಹಡಗಿನಲ್ಲಿ ಫ್ಲೂ ಹಿಡಿದವರಿದ್ದರು. ಪಶ್ಚಿಮ ಸಮೋವಾ, ಅಂದರೆ ಈಗಿನ ಸಮೋವಾ, ಆಗ ನ್ಯೂಜಿಲೆಂಡಿನ ಮಿಲಿಟರಿ ಆಡಳಿತದಲ್ಲಿತ್ತು. ಇಳಿಯಲು ಬಿಟ್ಟರು. ಮುಂದಿನ ಎರಡು ತಿಂಗಳೊಳಗೆ ಸುಮಾರು 8,500 ಜನ ಸತ್ತರು, ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಹೂಳಲು ಜನ ಇಲ್ಲದೆ ಒಟ್ಟೊಟ್ಟಿಗೆ ಗುಂಡಿಗೆ ಹಾಕಿದರು. ಅದೇ ಹೊತ್ತಿಗೆ ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಆಗಿದ್ದ ಜಾನ್ ಪಾಯರ್ ರೇಡಿಯೋದಲ್ಲಿ ಸುದ್ದಿ ಕೇಳಿ ಹಡಗಿನ ಬಂದರನ್ನೇ ಮುಚ್ಚಿಸಿದ. ದೋಣಿಗಳು ಕದ್ದು ದಡ ಸೇರದ ಹಾಗೆ ಊರಿನವರೇ ಕಾವಲು ನಿಂತರು. ಅಲ್ಲಿ ಸತ್ತವರು ಸೊನ್ನೆ.

ಇದು ನಿಜವಾದ ಸೊನ್ನೆ. ಕಾವಲು ಕಾದು ಗಳಿಸಿದ್ದು.

ಎರಡೂ ಕಡೆ ಒಂದೇ ಜನ, ಒಂದೇ ಭಾಷೆ, ಅಣ್ಣ ಆಚೆ ತಮ್ಮ ಈಚೆ. ಸುದ್ದಿ ಕೇಳುವ ಯಂತ್ರ ಎರಡೂ ಕಡೆ ಇತ್ತು. ಅಪಿಯಾದ ಆಡಳಿತಗಾರ ರಾಬರ್ಟ್ ಲೋಗನ್ ಪಾಯರ್‌ನ ನಿರ್ಬಂಧಕ್ಕೆ ಸಿಟ್ಟಾಗಿ ಅವರ ಜೊತೆಗಿನ ರೇಡಿಯೋ ಸಂಪರ್ಕವನ್ನೇ ಕಡಿದುಬಿಟ್ಟ. ಯೋಚನೆ ಮಾಡಿ, ಸಾವಿನ ಮಧ್ಯೆ ಕೂತು ಫೋನ್ ಕಟ್ ಮಾಡಿದ ಹಾಗೆ. ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಅಪಿಯಾಕ್ಕೆ ಹೋಗಿ ಕ್ಷಮೆ ಕೇಳಿದ್ದು 2002ರಲ್ಲಿ.

ಈಗ ಪರಿಸ್ಥಿತಿ ಎಷ್ಟೋ ಉತ್ತಮ. 1996ರಲ್ಲಿ ದ್ವೀಪ ದೇಶಗಳು ಸೇರಿ ಪೆಸಿಫಿಕ್ ಪಬ್ಲಿಕ್ ಹೆಲ್ತ್ ಸರ್ವೇಲೆನ್ಸ್ ನೆಟ್‌ವರ್ಕ್ ಅಂತ ಮಾಡಿಕೊಂಡವು. ಒಬ್ಬರ ದ್ವೀಪದಲ್ಲಿ ಏನಾದರೂ ಕಂಡರೆ ಉಳಿದವರಿಗೆ ಕೂಡಲೇ ತಿಳಿಸುವುದು, ಲ್ಯಾಬ್‌ಗಳನ್ನು ಹಂಚಿಕೊಳ್ಳುವುದು. ಲ್ಯಾಬ್ ಹಂಚಿಕೊಳ್ಳುವುದು ಅಂದ್ರೆ ಕೇಳಲು ಸುಲಭ. ರಕ್ತದ ಟ್ಯೂಬಿಗೆ ಮೂರು ಪದರದ ಪ್ಯಾಕಿಂಗ್, ಡಬ್ಬದ ಮೇಲೆ ಯುಎನ್ 3373 ಅನ್ನುವ ವಜ್ರಾಕಾರದ ಲೇಬಲ್, ಐಸ್ ಕರಗುವ ಮುಂಚೆ ಸುವಾಕ್ಕೋ ನೂಮೆಯಾಕ್ಕೋ ಮೆಲ್ಬರ್ನಿಗೋ ಮುಟ್ಟಬೇಕು. ವಿಮಾನ ವಾರಕ್ಕೆ ಒಂದೋ ಎರಡೋ. ಪೈಲಟ್ "ಇದನ್ನ ನಾನು ಹತ್ತಿಸಲ್ಲ" ಅಂದರೆ ಮುಗಿಯಿತು, ಮುಂದಿನ ವಾರ. ಒಮ್ಮೆ ಒಂದು ಡಬ್ಬ ವಿಮಾನ ನಿಲ್ದಾಣದ ಕ್ಯಾಂಟೀನಿನ ಫ್ರಿಜ್‌ನಲ್ಲಿ ಐಸ್‌ಕ್ರೀಮಿನ ಪಕ್ಕ ಎರಡು ದಿನ ಕೂತಿತ್ತು. ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ಕ್ಯಾಂಟೀನಿನವರಿಗೆ ಹೇಳಿದವರು ಯಾರೂ ಇಲ್ಲ. ನಾನಂತೂ ಹೇಳಲಿಲ್ಲ.

ಹಳ್ಳಿಗೆ ಹೋಗುವುದು ಇನ್ನೊಂದು ಕಥೆ. ಫಿಜಿಯಲ್ಲಿ ನೆರೆ ಬಂದು ಇಳಿದ ಮೇಲೆ ಇಲಿ ಜ್ವರ, ಟೈಫಾಯ್ಡ್, ಡೆಂಗಿ, ಭೇದಿ ಸಾಲಾಗಿ ಬರುತ್ತವೆ. ವಿಚಾರಿಸಲು ಹೋದರೆ ಮೊದಲು ರಕ್ತ ತೆಗೆಯುವ ಹಾಗಿಲ್ಲ. ಮೊದಲು ಸೇವುಸೇವು, ಅಂದ್ರೆ ಹಿರಿಯರಿಗೆ ಕಾಣಿಕೆ. ಸುವಾ ಮಾರ್ಕೆಟ್ಟಿನಲ್ಲಿ ಪೇಪರಿನಲ್ಲಿ ಸುತ್ತಿದ ಯಂಗೋನಾ ಬೇರಿನ ಕಟ್ಟು ಕೊಳ್ಳಬೇಕು. ಮಾರುವವರಲ್ಲಿ ಒಬ್ಬ ಮುದುಕ ನನ್ನ ಮುಖ ನೋಡಿದ ಕೂಡಲೇ "ಮದ್ರಾಸಿ?" ಅನ್ನುತ್ತಿದ್ದ. ಮದ್ರಾಸು ಬಂದರಿನಿಂದ 1903ರ ನಂತರ ಬಂದ ದಕ್ಷಿಣದವರಿಗೆಲ್ಲ ಅಲ್ಲಿ ಅದೇ ಹೆಸರು. ನಾನು ಕರ್ನಾಟಕ ಅನ್ನುತ್ತಿದ್ದೆ. ಅವನು "ಹಾಂ ಹಾಂ, ಮದ್ರಾಸಿ" ಅಂತ ಇನ್ನೊಂದು ಬೇರು ಜಾಸ್ತಿ ಇಡುತ್ತಿದ್ದ. ನಾನು ವಾದ ಬಿಟ್ಟೆ.

ಆ ಕಟ್ಟನ್ನು ಊರಿನ ಹಿರಿಯರ ಮುಂದೆ ಇಡಬೇಕು. ಟೋಪಿ ತೆಗೆದು ಚಾಪೆ ಮೇಲೆ ಚಕ್ಕಳಮಕ್ಕಳ ಕೂರಬೇಕು. ಬೇರಿನ ಪುಡಿಯನ್ನು ಮರದ ತಾನೋವಾ ಬೋಗುಣಿಯಲ್ಲಿ ಕಲಸಿ, ಒಂದೇ ತೆಂಗಿನ ಚಿಪ್ಪಿನಲ್ಲಿ ಒಬ್ಬೊಬ್ಬರಿಗೂ ಕೊಡುತ್ತಾರೆ. ಒಂದು ಚಪ್ಪಾಳೆ, ಗಟಗಟ ಒಂದೇ ಉಸಿರಿಗೆ, ಆಮೇಲೆ ಮೂರು ಚಪ್ಪಾಳೆ. ನಾಲಿಗೆ ಜೋಮು ಹಿಡಿಯುತ್ತದೆ. ರುಚಿ ಮಣ್ಣು ತೊಳೆದ ನೀರಿನ ಹಾಗೆ, ಬೇಜಾರಾಗಬೇಡಿ ಫಿಜಿಯ ಗೆಳೆಯರೇ. ಒಮ್ಮೆ ಟೈಫಾಯ್ಡ್ ಇದ್ದ ಹಳ್ಳಿಗೆ ನಾವು ಹೋಗಿದ್ದೇ "ಒಂದೇ ಚಿಪ್ಪಿನಲ್ಲಿ ಎಲ್ಲರೂ ಕುಡಿಯಬೇಡಿ" ಅಂತ ಹೇಳುವುದಕ್ಕೆ. ಅದನ್ನು ಹೇಳಬೇಕಾದರೆ ಮೊದಲು ಕೂತು ಕುಡಿಯಬೇಕು. ನನ್ನ ಜೊತೆಗಿದ್ದ ಹೆಲ್ತ್ ಇನ್ಸ್‌ಪೆಕ್ಟರ್ ಒಂದು ಮಾತೂ ಆಡದೆ ತನ್ನ ಚೀಲದಿಂದ ಇಪ್ಪತ್ತು ಚಿಪ್ಪು ತೆಗೆದು ಚಾಪೆ ಮೇಲೆ ಸಾಲಾಗಿ ಇಟ್ಟ. ಎಲ್ಲ ಹೊಳೆಯುವ ಹಾಗೆ ಉಜ್ಜಿದ್ದು. "ನಮ್ಮ ಕಾಣಿಕೆ" ಅಂದ. ಹಿರಿಯರು ಒಂದು ಕ್ಷಣ ನೋಡಿ ನಕ್ಕುಬಿಟ್ಟರು. ಅವನು ಹಿಂದಿನ ರಾತ್ರಿ ಕೂತು ಉಜ್ಜಿದ್ದನಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತೆರಡು ಸ್ಲೈಡ್ ಇತ್ತು. ತೆರೆಯಲೇ ಇಲ್ಲ.

2019ಕ್ಕೆ ಬರುತ್ತೇನೆ. ಇದನ್ನು ಬರೆಯುವುದು ಕಷ್ಟ.

ಹಿಂದಿನ ವರ್ಷ, 2018ರ ಜುಲೈನಲ್ಲಿ, ಸಮೋವಾದಲ್ಲಿ ಎರಡು ಕೂಸುಗಳು ದಡಾರ ತಡೆಯುವ ಎಂಎಂಆರ್ ಚುಚ್ಚುಮದ್ದು ಹಾಕಿದ ಕೂಡಲೇ ಸತ್ತವು. ಲಸಿಕೆಯ ತಪ್ಪಲ್ಲ. ಪುಡಿಗೆ ನೀರು ಬೆರೆಸುವ ಬದಲು ಅವಧಿ ಮೀರಿದ, ಸ್ನಾಯು ಸಡಿಲಿಸುವ ಔಷಧಿ ಬೆರೆಸಿದ್ದರು. ಇಬ್ಬರು ನರ್ಸ್‌ಗಳಿಗೆ ಜೈಲಾಯಿತು. ಆದರೆ ಸರ್ಕಾರ ಆ ಲಸಿಕೆಯನ್ನೇ ತಿಂಗಳುಗಟ್ಟಲೆ ನಿಲ್ಲಿಸಿತು. ಶುರು ಮಾಡಿದ ಮೇಲೂ ತಾಯಂದಿರು ಬರಲಿಲ್ಲ. ಬರುತ್ತಾರಾ ಹೇಳಿ? ಮೊದಲ ಡೋಸ್ ಪಡೆದ ಮಕ್ಕಳು ಆ ವರ್ಷ ಶೇ 31ರ ಆಸುಪಾಸು ಅಂತ ಅಂದಾಜು.

ಈ ಸಂಖ್ಯೆ ಯಾವ ಡ್ರಾಯರಿನಲ್ಲೂ ಅಡಗಿರಲಿಲ್ಲ. ನಮ್ಮೆಲ್ಲರ ಮೇಜಿನ ಮೇಲಿತ್ತು. 2019ರಲ್ಲಿ ನ್ಯೂಜಿಲೆಂಡಿನಲ್ಲಿ ದಡಾರ ಹರಡುತ್ತಿತ್ತು, ಆಕ್ಲೆಂಡಿಗೂ ಅಪಿಯಾಕ್ಕೂ ಮಧ್ಯೆ ದಿನಾ ವಿಮಾನ. ಮತ್ತೆ ಆಕ್ಲೆಂಡ್, ಮತ್ತೆ ಅಪಿಯಾ, ನೂರು ವರ್ಷದ ಮೇಲೆ. ಎಚ್ಚರಿಕೆಯ ಪತ್ರ ಬರೆದೆವು, ಮೀಟಿಂಗ್ ಮಾಡಿದೆವು. ಪತ್ರದಿಂದ ನಂಬಿಕೆ ಹುಟ್ಟುವುದಿಲ್ಲ. ಅಕ್ಟೋಬರಿನಲ್ಲಿ ಸಾಂಕ್ರಾಮಿಕ ಅಂತ ಘೋಷಣೆಯಾಯಿತು. ಮುಗಿಯುವ ಹೊತ್ತಿಗೆ ಎರಡು ಲಕ್ಷ ಜನರ ದೇಶದಲ್ಲಿ 5,700ಕ್ಕೂ ಜಾಸ್ತಿ ಜನರಿಗೆ ದಡಾರ, 83 ಸಾವು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಅದೇ ಸಮಯದಲ್ಲಿ ಟೊಂಗಾದಲ್ಲಿ 600ಕ್ಕೂ ಜಾಸ್ತಿ ಜನರಿಗೆ ಬಂತು, ಫಿಜಿಯಲ್ಲಿ ಮೂವತ್ತರ ಒಳಗೆ. ಎರಡೂ ಕಡೆ ಒಬ್ಬರೂ ಸಾಯಲಿಲ್ಲ. ಅಲ್ಲಿ ಮಕ್ಕಳಿಗೆ ಲಸಿಕೆ ಆಗಿತ್ತು.

ಡಿಸೆಂಬರ್ 5 ಮತ್ತು 6ರಂದು ಸಮೋವಾ ಇಡೀ ದೇಶವನ್ನೇ ನಿಲ್ಲಿಸಿತು. ಅಂಗಡಿ ಇಲ್ಲ, ಆಫೀಸ್ ಇಲ್ಲ, ರಸ್ತೆಯಲ್ಲಿ ಗಾಡಿ ಇಲ್ಲ. ಲಸಿಕೆ ಆಗದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂದರು. ಸುವಾದ ಆಫೀಸಿನಲ್ಲಿ ಕೂತು ಫೋಟೋಗಳನ್ನು ನೋಡಿದೆ. ಅಲ್ಲಿನ ಹಳೆಯ ಮಾದರಿಯ ಮನೆಗೆ ಗೋಡೆ ಇರುವುದಿಲ್ಲ, ಕಂಬ ಮತ್ತು ಚಾವಣಿ ಅಷ್ಟೇ. ಒಂದು ಮನೆಯ ಕಂಬಕ್ಕೆ ಕೆಂಪು ಟವೆಲ್, ಇನ್ನೊಂದರ ಬೇಲಿಗೆ ಮಗುವಿನ ಕೆಂಪು ಅಂಗಿ. ನಮ್ಮ ಕಡೆ ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದುದು ನೆನಪಾಯಿತು. ಆ ಸೊಪ್ಪು ಹೇಳುತ್ತಿದ್ದುದು ಒಳಗೆ ಬರಬೇಡಿ ಅಂತ. ಈ ಟವೆಲ್ಲು ಹೇಳುತ್ತಿದ್ದುದು ಬನ್ನಿ ಅಂತ. ತಿಂಗಳ ಕೊನೆಗೆ ಲಸಿಕೆ ಶೇ 95ರ ಹತ್ತಿರ ಮುಟ್ಟಿತು. ಒಂದು ವರ್ಷ ಮೊದಲು ಮುಟ್ಟಬೇಕಿದ್ದ ಸಂಖ್ಯೆ.

ಅವತ್ತು ರಾತ್ರಿ ನನ್ನ ಸಮೋವನ್ ಸಹೋದ್ಯೋಗಿ ಫೋನಿನಲ್ಲಿ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ನೀವು ನಮಗೆ ಲೆಕ್ಕ ಬರೆಯೋದು ಕಲಿಸಿದಿರಿ. ಲೆಕ್ಕ ಸರಿಯಾಗೇ ಇತ್ತು." ಅದು ಹೊಗಳಿಕೆಯೋ ಬೈಗುಳವೋ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಕೊರೋನಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಸಾಕಾಗಿದೆ. ಟೊಂಗಾದ ಒಂದು ಮಾತು ಮಾತ್ರ. 2022ರ ಜನವರಿ 15ರಂದು ಅಲ್ಲಿ ಕಡಲೊಳಗಿನ ಜ್ವಾಲಾಮುಖಿ ಸಿಡಿದು ದೇಶದ ಏಕೈಕ ಅಂತರರಾಷ್ಟ್ರೀಯ ಕೇಬಲ್ ತುಂಡಾಯಿತು. ಐದು ವಾರ ಇಂಟರ್ನೆಟ್ ನೆಟ್ಟಗಿರಲಿಲ್ಲ. ಅಲ್ಲಿಯವರೆಗೆ ಊರೊಳಗೆ ಕೊರೋನಾ ಹರಡಿರಲಿಲ್ಲ. ನೆರವಿನ ಹಡಗುಗಳು ಬಂದವು, ಸಾಮಾನನ್ನು ಮುಟ್ಟದೆ ದಿನಗಟ್ಟಲೆ ಬಿಟ್ಟು ಆಮೇಲೆ ಎತ್ತಿದರು. ಆದರೂ ಫೆಬ್ರುವರಿ ಮೊದಲ ದಿನಗಳಲ್ಲಿ ಬಂದರಿನ ಇಬ್ಬರು ಕೆಲಸಗಾರರಲ್ಲಿ ಸಿಕ್ಕಿತು. ಕೇಬಲ್ ಇನ್ನೂ ರಿಪೇರಿ ಆಗಿರಲಿಲ್ಲ. ಬೂದಿಯ ಮಧ್ಯೆ ಕೂತು, ಬಂದರಿನವರನ್ನು ತಪ್ಪದೆ ಪರೀಕ್ಷೆ ಮಾಡುತ್ತಿದ್ದರಲ್ಲ, ಅದಕ್ಕೇ ಸಿಕ್ಕಿದ್ದು. ಅವರಿಗೆ ಯಾರೂ ಸುವಾದಿಂದ ಫೋನ್ ಮಾಡಿ ಹೇಳಬೇಕಾಗಿರಲಿಲ್ಲ. ಮಾಡಿದ್ದರೂ ಹೋಗುತ್ತಿರಲಿಲ್ಲ.

ಕಳೆದ ವರ್ಷ ಆ ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಬಂದವಳು ಕಿರಿಬಾಸ್‌ನ ಹುಡುಗಿ, ನಮ್ಮದೇ ಟ್ರೇನಿಂಗ್‌ನಲ್ಲಿ ಕಲಿತವಳು. ಚಾರ್ಜ್ ಕೊಡುವ ವಾರ ಅವಳು ಮಾಡಿದ ಮೊದಲ ಕೆಲಸ ಆ ಎಕ್ಸೆಲ್ ಹಾಳೆ ತೆರೆದದ್ದು. ಖಾಲಿ ಬಿಟ್ಟ ಮನೆ ತಾನಾಗಿ ಹಳದಿಯಾಗುವ ಹಾಗೆ ಮಾಡಿದಳು. ಒಂದೂ ಹಳದಿ ಉಳಿದರೆ ಒಟ್ಟು ಮೊತ್ತವೇ ಬರದ ಹಾಗೆ ಮಾಡಿದಳು. ಹತ್ತು ನಿಮಿಷದ ಕೆಲಸ. ಇಷ್ಟು ವರ್ಷ ನಾನು ಖಾಲಿ ಮನೆಗಳನ್ನು ಕಣ್ಣಲ್ಲೇ ಹುಡುಕುತ್ತಿದ್ದೆ.

ಕೊನೆಯ ದಿನ ಚಹಾ ಕುಡಿಯುತ್ತಾ ಅವಳಿಗೆ ಮಂಗನ ಕಾಯಿಲೆ ಬಗ್ಗೆ ಹೇಳುತ್ತಿದ್ದೆ. ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮಂಗಗಳು ಸಾಯಲು ಶುರುವಾಗಿ, ಜನರಿಗೂ ಜ್ವರ ಬಂದು ಗೊತ್ತಾದ ಕಾಯಿಲೆ. ಉಣುಗಿನಿಂದ ಹರಡುವುದು. ಇವತ್ತಿಗೂ ಮಲೆನಾಡಲ್ಲಿ ಮಂಗ ಸತ್ತು ಬಿದ್ದಿದ್ದು ಕಂಡರೆ ಇಲಾಖೆಗೆ ತಿಳಿಸಬೇಕು, ಅದೇ ಮೊದಲ ಎಚ್ಚರಿಕೆ ಅಂತ.

ಅವಳು ತಲೆಯಾಡಿಸಿ ಕೇಳಿದಳು: "ನಿಮ್ಮೂರಲ್ಲಿ ಮಂಗ ಸತ್ತರೆ ಯಾರಿಗೆ ತಿಳಿಸ್ತಾರೆ?"

ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ದೇಶಗಳ ಫೋನ್ ಪಟ್ಟಿ ಬಾಯಿಪಾಠ ಇದ್ದವರಿಗೆ ತಮ್ಮೂರಿನದು ಗೊತ್ತಿಲ್ಲ. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

"ಯಾರಿಗೆ ಅಂದ್ರೆ? ನಮ್ಮ ಆಶಾ ಅಕ್ಕಂಗೆ. ಹೋದ ಬೇಸಿಗೇಲೂ ಹೇಳಿದ್ವಲ್ಲ."

"ಅವರು ಫೋನ್ ಎತ್ತದಿದ್ದರೆ?"

"ಎತ್ತದಿದ್ರೆ ಮನೆಗೆ ಹೋಗಿ ಹೇಳ್ತೀವಪ್ಪ. ಇಲ್ಲೇ ಗುಡ್ಡದಾಚೆ ಅಲ್ವಾ."

ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಗುಡ್ಡ ಅಂದರೆ ಎಷ್ಟು ಎತ್ತರ ಅಂತ ಕೇಳಿದಳು. ಅವಳ ದ್ವೀಪದ ಅತಿ ಎತ್ತರದ ಜಾಗ ಮೂರು ಮೀಟರ್.